ಮುಟ್ಟಿದರೆ ಪುಡಿಯಾಗುವ ಹಳೇ ಕಾಮಿಕ್ಸ್ ಪುಸ್ತಕಗಳನ್ನು ಸರಿಮಾಡೋದು ಹೇಗೆ?

ವಿರಾಜಪೇಟೆ ಮನೆಯ ಅಟ್ಟದಲ್ಲಿ ತಂದೆಯವರ ನಲವತ್ತು ಇಂದ್ರಜಾಲ ಕಾಮಿಕ್ಸ್ ಸಿಕ್ಕಿವೆ, ಹಾಳೆ ತಿರುವಿದರೆ ಅಂಚು ಉದುರುತ್ತೆ, ಲ್ಯಾಮಿನೇಷನ್ ಮಾಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬಿಸಿ ಕೊಟ್ಟು, ಒಳಗಿನ ಆಮ್ಲವನ್ನು ಅಲ್ಲೇ ಕೂಡಿಹಾಕಿದ ಹಾಗಾಗುತ್ತೆ. ಆಮೇಲೆ ಬಿಡಿಸೋಣ ಅಂದರೂ ಆಗಲ್ಲ.

ನಾನು ಸುಂಟಿಕೊಪ್ಪದ ಹತ್ತಿರ ಕಾಫಿ ಬೆಳೆಯೋನು, ಕಾಗದದ ಪಂಡಿತನಲ್ಲ. ಒಂದು ಟ್ರಂಕ್ ಕಾಮಿಕ್ಸ್‌ನಲ್ಲಿ ಕಾಲುಭಾಗ ಕೈಯಾರೆ ಹಾಳುಮಾಡಿ ಕಲಿತದ್ದನ್ನು ಹೇಳ್ತೀನಿ. ಒಂದು ವರ್ಷ ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಟ್ರಂಕಿನೊಳಗೆಲ್ಲ ಬೂಸ್ಟು. ಬಿಸಿಲು ಬಂದ ಕೂಡಲೇ ಕಾಫಿ ಹರವೋ ಹಾಗೆ ಕಣದಲ್ಲಿ ಹರವಿದೆ. ಬೂಸ್ಟು ಹೋಯ್ತು, ಹಾಳೆ ಹಪ್ಪಳ ಆಯ್ತು. ಹರಿದ ಕಡೆ ಮೈದಾ ಗೋಂದು ಹಚ್ಚಿದೆ. ಹುಳ ಬರದಿರಲಿ ಅಂತ ಬೈಂಡಿಂಗ್‌ನವರು ಗೋಂದಿಗೆ ಮೈಲುತುತ್ತ ಹಾಕ್ತಾರಲ್ಲ, ನಮ್ಮಲ್ಲಿ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಮದ್ದು) ಸಿಂಪಡಿಸಿ ಉಳಿದ ಮೈಲುತುತ್ತ ಬೇಕಾದಷ್ಟಿತ್ತು, ಒಂದು ಚಿಟಿಕೆ ಸೇರಿಸಿದೆ. ಮೈಲುತುತ್ತದಲ್ಲಿರೋ ತಾಮ್ರದ ಅಂಶ ಕಾಗದದ ನಾರನ್ನು ಇನ್ನೂ ಬೇಗ ತಿನ್ನುತ್ತೆ ಅಂತ ಗೊತ್ತಾಗಿದ್ದು ಅಂಟಿಸಿದ ಪಟ್ಟಿಗಳ ಪಕ್ಕದಲ್ಲೇ ಹಾಳೆ ಮುರಿಯೋಕೆ ಶುರುವಾದ ಮೇಲೆ.

ಇಂದ್ರಜಾಲ ಶುರುವಾಗಿದ್ದು 1964ರಲ್ಲಿ. ಆ ಕಾಲದ ಅಗ್ಗದ ಕಾಗದ ಮರದ ತಿರುಳಿನದು. ಅದರಲ್ಲಿ ಉಳಿದ ಲಿಗ್ನಿನ್ ಅನ್ನೋ ಮರದ ಅಂಶ ಬೆಳಕಿಗೆ ಹಳದಿಯಾಗುತ್ತೆ. ಶಾಯಿ ಹರಡದಿರಲಿ ಅಂತ ಹಾಕೋ ಆಲಂ ಅನ್ನೋ ಲವಣ ನಿಧಾನವಾಗಿ ಆಮ್ಲ ಬಿಡುತ್ತೆ. ಆ ಆಮ್ಲ ಸೆಲ್ಯುಲೋಸ್ ನಾರನ್ನು ತುಂಡು ತುಂಡು ಮಾಡುತ್ತೆ. ಬಿಸಿಯೂ ತೇವವೂ ಇದ್ದರೆ ಈ ಕೆಲಸ ಜೋರು. ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತೆ ಅಂತ ಇಟ್ಟ ಪುಸ್ತಕಗಳೇ ಮೊದಲು ಸಾಯೋದು ಇದಕ್ಕೇ. ಮುರಿದ ನಾರು ಮತ್ತೆ ಕೂಡಲ್ಲ. ಮೆಗ್ನೀಸಿಯಂ ಸಂಯುಕ್ತದ ಸ್ಪ್ರೇ ಆಮ್ಲವನ್ನು ತಣಿಸುತ್ತೆ ನಿಜ, ಆದರೆ ಹಾಳೆಗೆ ಹಳೇ ಮೆದುತನ ಬರಲ್ಲ. ಹಾಗಾಗಿ ‘ಸರಿಮಾಡೋದು’ ಅಂದರೆ ಇದ್ದ ಸ್ಥಿತಿಯಲ್ಲಿ ನಿಲ್ಲಿಸೋದು, ಅಷ್ಟೇ.

ಹುಳ ಕಂಡರೆ ಮೊದಲು ಅದಕ್ಕೆ ಮದ್ದು. ಪಾಲಿಥಿನ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ, ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಹಾಳೆ ಮೇಲೇ ನೀರು ಕೂರುತ್ತೆ. ಬೂಸ್ಟಿದ್ದರೆ ನೆರಳಲ್ಲಿ ಗಾಳಿಗೆ ಆರಿಸಿ, ಮೂಗಿಗೆ ಮಾಸ್ಕ್ ಹಾಕಿ, ಜಗಲಿಯಲ್ಲಿ ಕೂತು ಮೆತ್ತನೆ ಬ್ರಷ್‌ನಲ್ಲಿ ಗುಡಿಸಿ. ತುಕ್ಕು ಹಿಡಿದ ಪಿನ್ ಎಳೀಬೇಡಿ. ಒಳಗಿನಿಂದ ಅದರ ಕಾಲುಗಳನ್ನು ಮೊಂಡು ಚಾಕುವಿನಿಂದ ಬಿಡಿಸಿ, ಅದೇ ತೂತುಗಳಲ್ಲಿ ಹತ್ತಿ ದಾರ ಹೊಲಿಯಿರಿ.

ಹರಿದದ್ದಕ್ಕೆ ಬೇಕಾಗೋದು ಜಪಾನಿ ಟಿಶ್ಯೂ (ಉದ್ದ ನಾರಿನ ತೆಳು ಕಾಗದ), ಗೋಧಿಯ ಶುದ್ಧ ಪಿಷ್ಟದ ಅಂಟು. ಟಿಶ್ಯೂವನ್ನು ಕತ್ತರಿಯಲ್ಲಿ ಕತ್ತರಿಸಬೇಡಿ. ಒದ್ದೆ ಬ್ರಷ್‌ನಲ್ಲಿ ಗೆರೆ ಎಳೆದು, ಆ ಗೆರೆಗುಂಟ ಮೆಲ್ಲಗೆ ಹರಿಯಿರಿ. ಅಂಚಿನಲ್ಲಿ ಬೆಕ್ಕಿನ ಮೀಸೆ ಹಾಗೆ ನಾರು ಎದ್ದು ನಿಲ್ಲುತ್ತೆ. ಹಾಳೆಗೆ ಕಚ್ಚಿಕೊಳ್ಳೋದು ಅದೇ. ಪಟ್ಟಿ ಅರ್ಧ ಸೆಂಟಿಮೀಟರ್ ಅಗಲ ಸಾಕು. ಅದಕ್ಕೂ ಮುಂಚೆ ತೇವದ ಹತ್ತಿಯನ್ನು ಮೂಲೆಯಲ್ಲಿ ಮುಟ್ಟಿಸಿ ಬಣ್ಣ ಬಿಡುತ್ತಾ ನೋಡಿ. ಅಂಟು ನೀರಾಗಿದ್ದರೆ ಒಣಗಿದ ಮೇಲೆ ಹಾಳೆಯಲ್ಲಿ ಕಂದು ಗೆರೆ ಬೀಳುತ್ತೆ, ಅದು ಮತ್ತೆ ಹೋಗಲ್ಲ. ಅದಕ್ಕೇ ಬ್ರಷ್‌ನ ಅಂಟನ್ನು ಒಮ್ಮೆ ಒತ್ತುಕಾಗದಕ್ಕೆ (ಬ್ಲಾಟಿಂಗ್ ಪೇಪರ್) ತಾಗಿಸಿ, ಮಿಕ್ಕಿದ್ದನ್ನಷ್ಟೇ ಹಚ್ಚಿ. ಮೇಲೆ ಕೆಳಗೆ ಅಂಟು ಹತ್ತದ ಪಾಲಿಯೆಸ್ಟರ್ ಬಟ್ಟೆ, ಆಮೇಲೆ ಒತ್ತುಕಾಗದ, ಅದರ ಮೇಲೆ ಭಾರ. ಹತ್ತು ನಿಮಿಷಕ್ಕೆ ಒತ್ತುಕಾಗದ ಬದಲಿಸಿ. ಸೆಲ್ಲೋ ಟೇಪ್ ಕಡೆ ಕೈಯೂ ಹಾಕಬೇಡಿ.

ಇಡೋದಕ್ಕೆ ಪಾಲಿಯೆಸ್ಟರ್ ಕವರ್, ಪಿವಿಸಿ ಬೇಡ. ಹಿಂದೆ ಆಮ್ಲ ಇಲ್ಲದ ರಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಳ ಬಿಗಿಯಾದ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸೋ ಸಣ್ಣ ಮೀಟರ್. ಗಾಳಿಯ ತೇವ ಶೇ. 65 ದಾಟಿದರೆ ಬೂಸ್ಟು ಬರುತ್ತೆ, 30ಕ್ಕಿಂತ ಇಳಿದರೆ ಹಾಳೆ ಒಡೆಯುತ್ತೆ, ನಾನು 45ರ ಆಸುಪಾಸು ಇಡ್ತೀನಿ. ಇನ್ನೊಂದು, ಇದು ಯಾರೂ ಹೇಳಿಕೊಟ್ಟದ್ದಲ್ಲ: ಫೆಬ್ರವರಿಯ ಒಣ ಮಧ್ಯಾಹ್ನ ನಾನು ಅವನ್ನು ತೆರೆಯೋದೇ ಇಲ್ಲ. ಕಾಫಿ ಹೂ ಅರಳಿಸೋ ಹೂಮಳೆ ಬಿದ್ದ ಮರುದಿನ ಗಾಳಿಯಲ್ಲಿ ಸ್ವಲ್ಪ ತೇವ ಇರುತ್ತೆ, ಹಾಳೆ ಮಾತು ಕೇಳುತ್ತೆ. ಫೋಟೊ ತೆಗೆಯೋದಿದ್ದರೂ ಅವತ್ತೇ. ಸ್ಕ್ಯಾನರ್‌ನಲ್ಲಿ ಬೋರಲು ಹಾಕಿ ಒತ್ತಬೇಡಿ.

ಮಾರೋ ಯೋಚನೆ ಇದ್ದರೆ ಏನೂ ಮಾಡದೆ ಬರೀ ಕವರ್‌ಗೆ ಹಾಕಿಡಿ. ರಿಪೇರಿ ಮಾಡಿದ ಪ್ರತಿಗೆ ಸಂಗ್ರಾಹಕರು ಬೆಲೆ ಇಳಿಸ್ತಾರೆ, ಮುಚ್ಚಿಟ್ಟು ಮಾರೋದು ಮೋಸ. ಅಪ್ಪನ ನೆನಪಿಗೆ ಅಂತಾದರೆ ಮುಖಪುಟ ಹೋಗಿರೋ ಒಂದು ಪ್ರತಿ ಇದ್ದೇ ಇರುತ್ತೆ, ಕೈ ಪಳಗಿಸೋಕೆ ಅದನ್ನೇ ತಗೊಳ್ಳಿ. ಅದಕ್ಕೂ ಮೊದಲು ಹಳೇ ದಿನಪತ್ರಿಕೆ ಹರಿದು ನಾಲ್ಕೈದು ಸಲ ಅಂಟಿಸಿ ನೋಡಿ.