ರಿಪೇರಿಗೆ 18,600 ಕೊಟ್ಟೆ, ಶಬ್ದ ಹಾಗೇ ಇದೆ: ಏನು ಮಾಡಲಿ?

ಪ್ರಶ್ನೆ: ನಮ್ಮದು ಶಿರಸಿ. ಎಂಟು ವರ್ಷ ಹಳೆಯ ಸಣ್ಣ ಕಾರು. ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಎಡ ಚಕ್ರದ ಹತ್ತಿರ ಟಕ್ ಟಕ್ ಶಬ್ದ ಶುರುವಾಯಿತು. ಊರಿನ ಗ್ಯಾರೇಜಿಗೆ ಬಿಟ್ಟೆ. ಎರಡೂ ಶಾಕ್ ಅಬ್ಸಾರ್ಬರ್, ಎರಡೂ ಲೋವರ್ ಆರ್ಮ್ (ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕೆಳಗಿನ ತೋಳು) ಹೋಗಿವೆ ಅಂತ ಬದಲಿಸಿ 18,600 ರೂಪಾಯಿ ತೆಗೆದುಕೊಂಡರು. ಚೀಟಿಯಲ್ಲಿ ‘ಸಾಮಾನು 14,000, ಮಜೂರಿ 4,600’ ಅಂತ ಮಾತ್ರ ಬರೆದಿದ್ದಾರೆ. ಹಳೇ ಸಾಮಾನು ಕೊಡಲಿಲ್ಲ. ಶಬ್ದವೂ ಹೋಗಲಿಲ್ಲ. ಕುಮಟಾದಲ್ಲಿ ಇನ್ನೊಬ್ಬ ಮೆಕ್ಯಾನಿಕ್ ನೋಡಿ, ‘ಲಿಂಕ್ ರಾಡ್ ಹೋಗಿದೆ ಅಷ್ಟೇ, ಸಂಜೆಯೊಳಗೆ ಹಾಕಿ ಕೊಡ್ತೇನೆ’ ಅಂದರು. ಶಿರಸಿ ಗ್ಯಾರೇಜಿನವರು ಅಪ್ಪನಿಗೆ ಗುರುತು. ಜಗಳ ಬೇಡ, ಆದರೆ ಸುಮ್ನೆ ಬಿಡೋಕೂ ಆಗ್ತಿಲ್ಲ.

ಉತ್ತರ: ಲಿಂಕ್ ರಾಡನ್ನು ಈಗಲೇ ಬದಲಿಸಬೇಡಿ. ಕುಮಟಾದವರು ಸ್ಪಾನರ್ ಹಾಕಿದ ಮರುಕ್ಷಣ ಶಿರಸಿಯವರು, ‘ನಾವು ಕೊಟ್ಟಾಗ ಸರಿಯಿತ್ತು, ಅವರು ಬಿಚ್ಚಿ ಹಾಳು ಮಾಡಿದರು’ ಅನ್ನಬಹುದು. ಆಮೇಲೆ ನಿಮ್ಮ ಹತ್ತಿರ ತೋರಿಸಲು ಏನೂ ಉಳಿಯುವುದಿಲ್ಲ. ಇಂಥ ತಕರಾರಿನಲ್ಲಿ ಜನ ಸೋಲುವುದು ಹೆಚ್ಚಾಗಿ ಇಲ್ಲೇ.

ಮೊದಲು ದೋಷವನ್ನು ದಾಖಲೆ ಮಾಡಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರಿನ ಹಿಂದೆ ಕೈ ಹೋಗುತ್ತದೆ. ಶಾಕ್ ಅಬ್ಸಾರ್ಬರ್‌ನಿಂದ ಕೆಳಗಿನ ಸ್ಟೆಬಿಲೈಜರ್ ಬಾರ್‌ಗೆ (ಎಡ ಬಲ ಚಕ್ರಗಳ ನಡುವಿನ ಅಡ್ಡ ಸರಳಿಗೆ) ಬೆರಳು ದಪ್ಪದ ಒಂದು ಸರಳು ಇರುತ್ತದೆ. ಎರಡೂ ತುದಿಗೆ ಸಣ್ಣ ರಬ್ಬರ್ ಟೊಪ್ಪಿ. ಅದೇ ಲಿಂಕ್ ರಾಡ್. ಹಿಡಿದು ಅಲ್ಲಾಡಿಸಿ. ಕೈಗೆ ಟಕ್ ಅಂತ ತಾಗಿದರೆ ಅದು ಸವೆದಿದೆ. ಜಾಗ ಓರೆಯಾಗಿದ್ದರೆ ಸರಳು ಬಿಗಿದುಕೊಂಡು ದೋಷ ಅಡಗಿಬಿಡುತ್ತದೆ, ಅದಕ್ಕೇ ಸಮತಟ್ಟು ಜಾಗ ಅಂದಿದ್ದು. ಇದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಕುಮಟಾದವರಿಂದ ತಾವು ಕಂಡದ್ದನ್ನು ದಿನಾಂಕ, ಕಿಲೋಮೀಟರ್ ರೀಡಿಂಗ್ ಸಮೇತ ಎರಡು ಸಾಲು ಬರೆಸಿಕೊಳ್ಳಿ. ನಮ್ಮ ಕಡೆ ಈ ದೋಷ ಹೊಸದಲ್ಲ. ರಬ್ಬರ್ ಹರಿದು ಕೆಸರುನೀರು ಒಳಗೆ ಹೋದರೆ ಗ್ರೀಸ್ ತೊಳೆದುಹೋಗಿ ಕೀಲಿನೊಳಗಿನ ಲೋಹದ ಉಂಡೆಗೆ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿಗೆ ಇನ್ನೂ ಬೇಗ.

ಹಾಗಂತ ಶಿರಸಿಯವರು ಮೋಸವೇ ಮಾಡಿದ್ದಾರೆ ಅಂತ ಈಗಲೇ ಹೇಳಲಾರೆ. ಎಂಟು ವರ್ಷದ ಶಾಕ್ ಅಬ್ಸಾರ್ಬರ್ ನಿಜಕ್ಕೂ ಹೋಗಿದ್ದಿರಬಹುದು. ಅದನ್ನು ಹೇಳುವುದು ಹಳೇ ಸಾಮಾನು. ಅಂಗಳದ ಮೂಲೆಯ ರಾಶಿಯಲ್ಲಿ ಇನ್ನೂ ಇದ್ದರೂ ಇರಬಹುದು, ಇವತ್ತೇ ಹೋಗಿ ಕೇಳಿ. ಶಾಕ್ ಮೈಮೇಲೆ ಎಣ್ಣೆ ಇಳಿದ ಗುರುತಿದ್ದರೆ, ಲೋವರ್ ಆರ್ಮಿನ ಬಾಲ್ ಜಾಯಿಂಟ್ (ಚಕ್ರದ ಕಡೆಯ ತುದಿಯ ಕೀಲು) ಬೆರಳಲ್ಲಿ ತಳ್ಳಿದರೆ ಸಡಿಲವಾಗಿ ಓಲಾಡಿದರೆ, ಬದಲಿಸಿದ್ದು ಸರಿ. ಆಗ ಅವರ ತಪ್ಪು ಲಿಂಕ್ ರಾಡ್ ನೋಡದೆ ಬಿಟ್ಟದ್ದು ಮಾತ್ರ. ಲೋವರ್ ಆರ್ಮಿನ ಬುಷ್ (ಬುಡದಲ್ಲಿರುವ ರಬ್ಬರ್ ಬಳೆ) ಗಟ್ಟಿಯಿದ್ದು, ಜಾಯಿಂಟ್ ಬಿಗಿಯಾಗಿದ್ದರೆ ಆ ಹಣ ವಾಪಸ್ ಕೇಳುವ ಹಕ್ಕು ನಿಮಗಿದೆ.

ಕೆಲಸ ಹೇಗೆ ಮಾಡಿದ್ದಾರೆ ಅನ್ನುವುದು ಬೇರೆ ವಿಷಯ, ನನಗೆ ಜಾಸ್ತಿ ಚಿಂತೆ ಅದರದ್ದೇ. ಲೋವರ್ ಆರ್ಮಿನ ಬುಷ್ ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕಾದ್ದು ಗಾಡಿಯ ಭಾರ ಚಕ್ರದ ಮೇಲೆ ಇರುವಾಗ. ಜಾಕ್ ಮೇಲೆ ಚಕ್ರ ತೂಗಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಶಾಕ್‌ನ ಮೇಲಿನ ನಟ್ ಸಡಿಲವಿದ್ದರೂ ಟಕ್ ಟಕ್ ಬರುತ್ತದೆ. ಲೋವರ್ ಆರ್ಮ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಲೇಬೇಕು. ನಿಮ್ಮ ಚೀಟಿಯಲ್ಲಿ ಅದು ಕಾಣುತ್ತಿಲ್ಲ. ಮಾಡಿಲ್ಲವಾದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಬಾಲ್ ಜಾಯಿಂಟಿನ ಬೋಲ್ಟ್ ಬಿಗಿ ಇದೆಯಾ ಅಂತ ಯಾರಾದರೂ ನೋಡುವವರೆಗೆ ದಯವಿಟ್ಟು ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯಬೇಡಿ.

ಇನ್ನು ಮಾತುಕತೆ. ಬೆಳಿಗ್ಗೆ ಗ್ಯಾರೇಜು ಖಾಲಿ ಇರುವಾಗ ಹೋಗಿ. ಮಾಲೀಕರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಶಬ್ದ ಬರುವ ಹಂಪಿನ ಮೇಲೆ ಗಾಡಿ ಓಡಿಸಿ, ಆಮೇಲೆ ವಿಡಿಯೋ ತೋರಿಸಿ. ಪ್ರತಿ ಸಾಮಾನಿನ ಹೆಸರು, ಕಂಪನಿ, ಬೆಲೆ ಬೇರೆ, ಮಜೂರಿ ಬೇರೆ ಬರೆದ ಬಿಲ್ ಕೇಳಿ. ಗುರುತಿನವರ ಹತ್ತಿರ ಬಿಲ್ ಕೇಳಿದರೆ ಬೇಸರವಾದೀತು ಅನ್ನುವ ಮುಜುಗರ ಬೇಡ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ನಾನಾದರೆ ಪೂರ್ತಿ 18,600 ಕೇಳುವುದಿಲ್ಲ. ಲಿಂಕ್ ರಾಡ್ ಮಜೂರಿಯಿಲ್ಲದೆ ಹಾಕಬೇಕು, ಅಲೈನ್‌ಮೆಂಟ್ ಅವರ ಖರ್ಚಿನಲ್ಲಿ ಆಗಬೇಕು, ಬೇಡದೆ ಬದಲಿಸಿದ ಸಾಮಾನಿನ ಹಣ ವಾಪಸ್ ಬರಬೇಕು. ಇಷ್ಟನ್ನೇ ಅದೇ ದಿನ ವಾಟ್ಸಾಪ್‌ನಲ್ಲೂ ಬರೆದು ಹತ್ತು ದಿನದ ಗಡುವು ಕೊಡಿ.

ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಾದ ಮೇಲೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೆಂದೇನೂ ಇಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು, ವಿಡಿಯೋ ಮೂಲಕ ವಿಚಾರಣೆಗೂ ಕೋರಬಹುದು. ಎರಡು ವರ್ಷದ ಒಳಗೆ ಹಾಕಬೇಕು.

ಪ್ರಶ್ನೆ: 6,000 ಆಗುತ್ತೆ ಅಂತ ಹೇಳಿ 15,000 ಬಿಲ್ ಮಾಡಿದ್ದಾರೆ. ಹಣ ಕೊಡುವವರೆಗೆ ಕೀ ಕೊಡಲ್ಲ ಅಂತಾರೆ. ಅವರಿಗೆ ಆ ಹಕ್ಕಿದೆಯಾ? (ಅಂಕೋಲಾ)

ಉತ್ತರ: ಮಾಡಿದ ಕೆಲಸದ ನ್ಯಾಯವಾದ ಮಜೂರಿ ಸಿಗುವವರೆಗೆ ಗಾಡಿ ಇಟ್ಟುಕೊಳ್ಳುವ ಹಕ್ಕನ್ನು 1872ರ ಕರಾರು ಕಾಯ್ದೆಯ 170ನೇ ಕಲಂ ಕೊಡುತ್ತದೆ. ಹಾಗಾಗಿ ಇನ್ನೊಂದು ಕೀ ತಂದು ಗಾಡಿ ಎತ್ತಿಕೊಂಡು ಹೋಗುವ ಯೋಚನೆ ಬಿಡಿ, ತಪ್ಪು ನಿಮ್ಮ ತಲೆಗೆ ಬರುತ್ತದೆ. ನೀವು ಒಪ್ಪದ ಕೆಲಸಕ್ಕೆ ಹಾಕಿದ ಬಿಲ್ ಮಾತ್ರ ನ್ಯಾಯವಾದ ಬಾಕಿ ಅಂತ ಆಗುವುದಿಲ್ಲ. ಒಪ್ಪಿದ 6,000 ಕೊಡುತ್ತೇನೆ ಅಂತ ಬರೆದು ತಿಳಿಸಿ. ಅವರು ಕೇಳದಿದ್ದರೆ, ಗಾಡಿ ತುರ್ತಾಗಿ ಬೇಕಿದ್ದರೆ, ಪೂರ್ತಿ ಹಣವನ್ನು ಯುಪಿಐ ಮೂಲಕ ಕಟ್ಟಿ. ಬಿಲ್ಲಿನ ಮೇಲೆ ‘ತಕರಾರು ಉಳಿಸಿಕೊಂಡು ಹಣ ಕೊಟ್ಟಿದ್ದೇನೆ’ ಅಂತ ಬರೆದು ಸಹಿ ಹಾಕಿ, ಫೋಟೋ ಇಟ್ಟುಕೊಳ್ಳಿ. ನಂತರ ದೂರು ಕೊಡಿ.

ಪ್ರಶ್ನೆ: ಬ್ರೇಕ್ ಪ್ಯಾಡ್ ಡಬ್ಬಿಯ ಎಂಆರ್‌ಪಿ ಮೇಲೆ ಮತ್ತೆ ಜಿಎಸ್‌ಟಿ ಸೇರಿಸಿದ್ದಾರೆ. ಸರಿಯಾ? (ಕಾರವಾರ)

ಉತ್ತರ: ತಪ್ಪು. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಜಾಸ್ತಿ ತೆಗೆದುಕೊಂಡರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು, ಡಬ್ಬಿ ಎಸೆಯಬೇಡಿ. ಮಜೂರಿಗೆ 18% ಜಿಎಸ್‌ಟಿ ಹಾಕಬಹುದು, ಆದರೆ ಬಿಲ್ಲಿನಲ್ಲಿ ಅವರ ಜಿಎಸ್‌ಟಿ ನಂಬರ್ ಇರಬೇಕು. ನಂಬರ್ ಇಲ್ಲದವರು ಜಿಎಸ್‌ಟಿ ಹೆಸರಲ್ಲಿ ಒಂದು ರೂಪಾಯಿಯನ್ನೂ ಕೇಳುವ ಹಾಗಿಲ್ಲ. ಬಿಡಿಭಾಗಗಳ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ. ಅದರ ನಂತರದ ಬಿಲ್ಲಿನಲ್ಲಿ 28% ಅಂತ ಇದ್ದರೆ ಅದನ್ನೂ ಪ್ರಶ್ನಿಸಿ.