ಲಿನೋಕಟ್ ಕಲಿಯೋಕೆ ಯಾವ ಅಮೆರಿಕನ್ ಕಲಾವಿದರ ಕೆಲಸ ನೋಡಬೇಕು?

ಲಿನೋಕಟ್, ಅಂದರೆ ಲಿನೋಲಿಯಂ ಹಾಳೆ ಕೆತ್ತಿ ಅಚ್ಚು ತೆಗೆಯೋದು, ಈಗಷ್ಟೇ ಶುರು ಮಾಡಿದ್ದೇನೆ, ಅಮೆರಿಕದ ಅಚ್ಚು ಕಲಾವಿದರಲ್ಲಿ ಮೊದಲು ಯಾರನ್ನು ನೋಡಲಿ ಅಂತ ಕೇಳಿದ್ದೀರಿ. ನಾನಂತೂ ಎಲಿಜಬೆತ್ ಕ್ಯಾಟ್ಲೆಟ್ ಅಂತೀನಿ.

ಅವರ 1952ರ 'ಶೇರ್‌ಕ್ರಾಪರ್' ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. ಚಿತ್ರದಲ್ಲಿರೋದು ಬೇರೆಯವರ ಹೊಲದಲ್ಲಿ ದುಡಿದು ಬೆಳೆಯಲ್ಲಿ ಪಾಲು ಕೊಡುವ ಕಪ್ಪು ಹೆಂಗಸು. ನಮ್ಮಲ್ಲಿ ಕೋರಿಗೆ ಮಾಡೋದು ಅಂತಾರಲ್ಲ, ಹಾಗೆ. ತಲೆ ಮೇಲೆ ಅಗಲವಾದ ಹುಲ್ಲಿನ ಟೋಪಿ. ಮೈಮೇಲಿನ ಕೋಟನ್ನು ಸೇರಿಸಿ ಹಿಡಿದಿರೋದು ಒಂದು ಸೇಫ್ಟಿ ಪಿನ್ನು. ಬಡತನದ ಬಗ್ಗೆ ಅಷ್ಟೇ ಹೇಳಿ ಬಿಟ್ಟಿದ್ದಾರೆ. ಆಕೆಯನ್ನು ಸ್ವಲ್ಪ ಕೆಳಗಿನಿಂದ ಕಂಡ ಹಾಗೆ ಬಿಡಿಸಿರುವುದರಿಂದ ನಾವೇ ತಲೆ ಎತ್ತಿ ನೋಡಬೇಕು.

ಲಿನೋದಲ್ಲಿ ಉಳಿ ಕೆತ್ತಿ ತೆಗೆದದ್ದು ಬಿಳಿ, ಬಿಟ್ಟದ್ದಕ್ಕೆ ಶಾಯಿ. ಕ್ಯಾಟ್ಲೆಟ್ ಕೆತ್ತಿದ ಗೆರೆಗಳು ಕೆನ್ನೆಯ ಮೇಲೆ ಮುಖದ ಜೊತೆ ತಿರುಗುತ್ತವೆ, ಟೋಪಿಯಲ್ಲಿ ಹೆಣಿಗೆಯ ಜೊತೆ ಸುತ್ತುತ್ತವೆ. ನಾನು ಆ ಟೋಪಿ ನಕಲು ಮಾಡೋಕೆ ಹೋಗಿ ಎರಡು ತುಂಡು ಲಿನೋ ಹಾಳು ಮಾಡಿದೆ. ಎಲ್ಲ ಗೆರೆಯೂ ಒಂದೇ ದಪ್ಪ ಬಂದು, ಟೋಪಿ ಹೋಗಿ ಮೊರ ಆಯಿತು!

ಅವರು ಹುಟ್ಟಿದ್ದು 1915ರಲ್ಲಿ, ವಾಷಿಂಗ್ಟನ್‌ನಲ್ಲಿ. ಅಜ್ಜ ಅಜ್ಜಿ ಗುಲಾಮರಾಗಿದ್ದವರು. ಕಪ್ಪು ಹುಡುಗಿ ಅಂತ ಪಿಟ್ಸ್‌ಬರ್ಗ್‌ನ ಕಾಲೇಜೊಂದು ಸೇರಿಸಿಕೊಳ್ಳಲಿಲ್ಲ. ಅಯೋವಾದಲ್ಲಿ ಓದುವಾಗ ಮೇಷ್ಟ್ರಾಗಿದ್ದ ಚಿತ್ರಕಾರ ಗ್ರಾಂಟ್ ವುಡ್, ನಿನಗೆ ಚೆನ್ನಾಗಿ ಗೊತ್ತಿರೋದನ್ನೇ ಮಾಡು ಅಂದರಂತೆ. ಆಮೇಲೆ ನ್ಯೂ ಓರ್ಲಿಯನ್ಸ್‌ನಲ್ಲಿ ಪಾಠ ಹೇಳುತ್ತಿದ್ದಾಗ ಅಲ್ಲಿಗೆ ಪಿಕಾಸೊ ಪ್ರದರ್ಶನ ಬಂತು. ಮ್ಯೂಸಿಯಂ ಇದ್ದ ಪಾರ್ಕಿನೊಳಗೆ ಕಪ್ಪು ಜನ ಕಾಲಿಡುವಂತಿರಲಿಲ್ಲ. ಇವರು ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕೂರಿಸಿ ಸೀದಾ ಬಾಗಿಲಿಗೇ ಇಳಿಸಿದರು. ನನಗೆ ಅವರ ಮೇಲೆ ಜಾಸ್ತಿ ಪ್ರೀತಿ ಹುಟ್ಟಿದ್ದು ಇಲ್ಲೇ.

1946ರಲ್ಲಿ ಮೆಕ್ಸಿಕೊಗೆ ಹೋಗಿ 'ತಾಯೆರ್ ದೆ ಗ್ರಾಫಿಕಾ ಪೋಪುಲಾರ್' ಅನ್ನುವ ಅಚ್ಚುಮನೆ ಸೇರಿದರು. ಅಲ್ಲಿ ಮಾಡುತ್ತಿದ್ದುದು ಪೋಸ್ಟರು, ಕರಪತ್ರ. ಲಿನೋ ಅಗ್ಗ, ನೂರಾರು ಪ್ರತಿ ತೆಗೆಯಬಹುದು, ಬಡವರ ಕೈಗೂ ಸಿಗುತ್ತದೆ ಅಲ್ವಾ? 1962ರಲ್ಲಿ ಮೆಕ್ಸಿಕೊದ ಪ್ರಜೆಯಾದರು. ಅಮೆರಿಕ ಅವರನ್ನು ಬೇಡದವರ ಪಟ್ಟಿಗೆ ಸೇರಿಸಿ ವೀಸಾಕ್ಕೂ ಸತಾಯಿಸಿತು. ಪೌರತ್ವ ವಾಪಸ್ ಕೊಟ್ಟಿದ್ದು 2002ರಲ್ಲಿ. ತೀರಿಕೊಂಡಾಗ ಅವರಿಗೆ 96 ವರ್ಷ.

ನೀವು ಟೋಪಿಗೆ ಕೈ ಹಾಕಬೇಡಿ. ಮೊನೆ ಇಂಗ್ಲಿಷ್ 'ವಿ' ಆಕಾರದಲ್ಲಿರೋ ಸಣ್ಣ ಉಳಿ ಹಿಡಿದು ಮೊದಲು ಆ ಪಿನ್ನು ಕೆತ್ತಿ ನೋಡಿ.