ದನದ ಡಾಕ್ಟರ ಚೀಲದಾಗ ಚಾಕು ಇರಲಿ
ಓದುಗರ ಪ್ರಶ್ನೆ, ನಿವೃತ್ತ ಪಶುವೈದ್ಯರ ಉತ್ತರ

ಪ್ರಶ್ನೆ: ನಾನು ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದ ಪಶುವೈದ್ಯೆ. ನಮ್ಮದು ಘಟಪ್ರಭೆಯ ದಂಡೆಯ ಊರು. ಮೂರು ದಿನದ ವಿಪತ್ತು ನಿರ್ವಹಣೆ ತರಬೇತಿಗೆ ನನ್ನ ಹೆಸರು ಬಂದಿದೆ. ಐದೂವರೆ ವರ್ಷ ಬಿ.ವಿ.ಎಸ್ಸಿ. ಓದಿದ್ದು ಸಾಲದೇ ಸರ್? ಆಸ್ಪತ್ರೆಗೆ ಬೀಗ ಹಾಕಿ ಹೋದರೆ ಜನ ಬೈಯುತ್ತಾರೆ.
— ಪಶುವೈದ್ಯೆ, ಮುಧೋಳ ತಾಲ್ಲೂಕು

ಉತ್ತರ: ಹೋಗಿ ಬನ್ನಿ ತಂಗಿ. ಬೈಯುವವರು ನೀವು ಊರಲ್ಲೇ ಇದ್ದರೂ ಬೈಯುತ್ತಾರೆ.

2019ರ ಆಗಸ್ಟ್. ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆಯ ಹಳ್ಳಿಗಳಿಗೆ ನುಗ್ಗಿದ್ದಳು. ರಾತ್ರಿ ಫೋನು ಬಂತು. ನಾನು ಚೀಲದ ತುಂಬ ಕ್ಯಾಲ್ಸಿಯಂ, ಡೆಕ್ಸ್‌ಟ್ರೋಸ್, ಆ್ಯಂಟಿಬಯೋಟಿಕ್ ತುಂಬಿಕೊಂಡು ಹೋದೆ. ಒಂದು ಕೊಟ್ಟಿಗೆಯಲ್ಲಿ ಎಂಟು ಎಮ್ಮೆ, ಹೊಟ್ಟೆಮಟ್ಟ ನೀರು. ಎಮ್ಮೆಗೆ ಈಜು ಹೇಳಿಕೊಡಬೇಕಿಲ್ಲ, ಬಿಟ್ಟರೆ ತಾನೇ ದಂಡೆ ಸೇರುತ್ತದೆ. ಆದರೆ ಹಗ್ಗ ನೆನೆದು ಉಬ್ಬಿತ್ತು, ಗಾಬರಿಯಲ್ಲಿ ಜಗ್ಗಿ ಜಗ್ಗಿ ಗಂಟು ಕಲ್ಲಾಗಿತ್ತು. ಉಗುರು ಕಿತ್ತುಬರುವ ಹಾಗೆ ಎಳೆದರೂ ಬಿಚ್ಚಲಿಲ್ಲ. ಚೀಲದಲ್ಲಿ ಎರಡು ಸಾವಿರ ರೂಪಾಯಿಯ ಔಷಧ ಇತ್ತು, ಒಂದು ಚಾಕು ಇರಲಿಲ್ಲ. ಯಾರೋ ಹುಡುಗ ಕುಡುಗೋಲು ತಂದುಕೊಟ್ಟ. ಆರು ಹೊರಗೆ ಬಂದವು. ಎರಡು ಬರಲಿಲ್ಲ.

ಅದಕ್ಕಿಂತ ನನ್ನನ್ನು ಈಗಲೂ ಕಾಡುವುದು ಮೂರನೇ ದಿನದ್ದು. ಎತ್ತರದ ಬಯಲಿನಲ್ಲಿ ದನಗಳನ್ನೆಲ್ಲ ಕೂಡಿಸಿದ್ದೆವು. ಎರಡು ದಿನದಿಂದ ಅವುಗಳ ಹೊಟ್ಟೆಗೆ ಏನೂ ಇಲ್ಲ. ಪಕ್ಕದ ಊರಿನ ಪುಣ್ಯಾತ್ಮರು ಒಂದು ಟ್ರ್ಯಾಕ್ಟರ್ ಅನ್ನ, ರೊಟ್ಟಿ, ಜೋಳದ ಹಿಟ್ಟು ತಂದರು. ಜನ ತಿಂದು ಮಿಕ್ಕಿದ್ದು. ನಾನು ದನಗಳ ಗಂಟಲು ಬಾತು ಉಸಿರು ಕಟ್ಟಿಸುವ ಗಳಲೆ ರೋಗದ ಲಸಿಕೆ ಹಾಕುತ್ತಿದ್ದೆ. "ಸಾಹೇಬ್ರ, ದನಕ್ಕ ಹಾಕ್ಲ್ಯೇನ್ರಿ?" ಅಂತ ಕೇಳಿದರು. ತಿರುಗಿಯೂ ನೋಡದೆ "ಹಾಕ್ರಿ" ಅಂದುಬಿಟ್ಟೆ. ಮರುದಿನ ಬೆಳಗ್ಗೆ ನಾಲ್ಕು ಆಕಳು ನೆಲ ಹಿಡಿದಿದ್ದವು. ಹುಳಿ ನಾತದ ನೀರು ಸಗಣಿ, ಒಳಗಿಳಿದ ಕಣ್ಣು, ಎಡಗಡೆ ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಚೀಲದ ಹಾಗೆ ಗುಳುಗುಳು. ಹಸಿದ ಮೆಲುಕು ಚೀಲಕ್ಕೆ ಏಕಾಏಕಿ ಪಿಷ್ಟ ಬಿದ್ದರೆ ಆಮ್ಲ ಏರಿ ಕೊಲ್ಲುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೆ. ಅಲ್ಲಿ ಇಲ್ಲದ್ದು ವಿದ್ಯೆ ಅಲ್ಲ. ಮೇವಿಗೆ ಇಂಥವರೇ ಜವಾಬ್ದಾರರು ಅಂತ ಒಬ್ಬರನ್ನು ನಿಲ್ಲಿಸಿರಲಿಲ್ಲ. ಲಸಿಕೆ, ಮೇವು, ಹೆಣ ವಿಲೇವಾರಿ, ತಹಶೀಲ್ದಾರರ ಫೋನು ಎಲ್ಲ ನನ್ನ ಒಂದೇ ತಲೆಯ ಮೇಲೆ. ತರಬೇತಿಯಲ್ಲಿ ಕಲಿಯಬೇಕಾದ್ದು ಇದನ್ನೇ, ಯಾವುದನ್ನು ಯಾರ ಕೈಗೆ ಕೊಟ್ಟು ಬಿಡಬೇಕು ಅಂತ.

ಪಿಪಿಟಿ ತೋರಿಸುವಾಗ ಬೇಕಾದರೆ ತೂಕಡಿಸಿ, ಅಂಗಳದಲ್ಲಿ ಹಗ್ಗ ಹಿಡಿಸುವಾಗ ಮಾತ್ರ ಮುಂದೆ ನಿಲ್ಲಿ. ಒಂದೇ ಕೈಯಲ್ಲಿ ಜಗ್ಗಿದರೆ ಬಿಚ್ಚುವ ಸರಗುಣಿಕೆಯನ್ನು ಕಣ್ಣು ಮುಚ್ಚಿ ಹಾಕಲು ಬರಬೇಕು. ಗಾಯಗೊಂಡ ದನಗಳನ್ನು ವಿಂಗಡಿಸುವುದನ್ನು ನಾಲ್ಕು ಸಲ ಮಾಡಿಸಿಕೊಳ್ಳಿ. ಈಗಲೇ ಕೈ ಹಚ್ಚಬೇಕಾದ್ದು, ತಾಸು ತಡೆಯುವಂಥದ್ದು, ಉಳಿಯದ್ದು. ಬಾಯಲ್ಲಿ ಹೇಳುವುದು ಸಲೀಸು. ಉಳಿಯದ ಆಕಳಿನ ಒಡತಿ ನಿಮ್ಮ ಕಾಲು ಹಿಡಿದು ಕೂತಾಗ ಎದ್ದು ಮುಂದಿನ ದನದ ಹತ್ತಿರ ಹೋಗುವುದಿದೆಯಲ್ಲ, ಅದಕ್ಕೇ ಅಭ್ಯಾಸ ಬೇಕು. ನಾನು ಅಲ್ಲೇ ಕೂತೆ, ಸರದಿಯಲ್ಲಿ ಕಾಯುತ್ತಿದ್ದ ಎರಡು ದನ ಹೋದವು.

ಹೊರಡುವ ಮೊದಲು ನಿಮ್ಮ ಮೈಯನ್ನೂ ನೋಡಿಕೊಳ್ಳಿ. ರೇಬೀಸ್ ಮುಂಜಾಗ್ರತಾ ಚುಚ್ಚುಮದ್ದು ಆಗಿದೆಯೇ? ನೆರೆ ನೀರಲ್ಲಿ ಇಲಿಜ್ವರದ ಭಯ ಇದ್ದೇ ಇರುತ್ತದೆ. ಮನುಷ್ಯರ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ಗಂಬೂಟು ಹಾಕಿಕೊಳ್ಳಿ. ದಿಢೀರನೆ ಸತ್ತ ದನದ ಮೂಗು, ಗುದದಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ ಕಂಡರೆ ಅದು ನೆರಡಿ (ಆಂಥ್ರಾಕ್ಸ್) ಅಂತಲೇ ತಿಳಿದು ಹೆಣ ಕೊಯ್ಯಬೇಡಿ. ಕಿವಿಯ ರಕ್ತನಾಳದಿಂದ ಸ್ಮಿಯರ್, ಅಂದರೆ ಗಾಜಿನ ಮೇಲೆ ಸವರಿದ ರಕ್ತದ ಮಾದರಿ, ತೆಗೆದರೆ ಸಾಕು. ಕೊಯ್ದರೆ ಗಾಳಿ ತಾಗಿ ರೋಗಾಣು ಬೀಜಕವಾಗುತ್ತದೆ, ಆ ಮಣ್ಣು ದಶಕಗಟ್ಟಲೆ ಸುಮ್ಮನಿರುವುದಿಲ್ಲ.

ಇನ್ನೊಂದು, ಹೂಳುವ ಮೊದಲು ದನದ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿ ಕಾಣುವ ಹಾಗೆ ಫೋಟೋ ತೆಗೆಯಿರಿ. 2022ರ ಕೇಂದ್ರದ ಪರಿಹಾರ ನಿಯಮದಲ್ಲಿ ಹಾಲು ಕೊಡುವ ಎಮ್ಮೆ, ಆಕಳಿಗೆ 37,500 ರೂಪಾಯಿ ಇದೆ. ಅದು ಮನೆಯವರ ಕೈ ಸೇರಲು ನಿಮ್ಮ ಕಾಗದ ಬೇಕು. ಗಡಿಬಿಡಿಯಲ್ಲಿ ಹೂತು ಆಮೇಲೆ ಪೇಚಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಪ್ರಶ್ನೆ: ನಮ್ಮ ಆಕಳು ಬಾವಿಗೆ ಬಿದ್ದಾಗ ಕುತ್ತಿಗೆಗೆ ಹಗ್ಗ ಕಟ್ಟಿ ಜೆಸಿಬಿಯಿಂದ ಎತ್ತಿದೆವು. ಮೇಲೆ ಬರುವಷ್ಟರಲ್ಲಿ ಸತ್ತಿತ್ತು. ಡಾಕ್ಟರು ನಿಂತು ನೋಡುತ್ತಿದ್ದರು. ಅವರಿಗೆ ಇದನ್ನು ಕಲಿಸಿರುವುದಿಲ್ಲವೇ?
— ರೈತ, ಗದಗ ಜಿಲ್ಲೆ

ಉತ್ತರ: ನಿಜ ಹೇಳಲೇ, ನನಗಂತೂ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ. ನಾನು ಕಲಿತದ್ದು ಅಗ್ನಿಶಾಮಕ ದಳದ ಹುಡುಗರಿಂದ. ಕುತ್ತಿಗೆಗೆ ಹಾಕಿ ಎತ್ತಿದರೆ ಅದು ನೇಣೇ. ಅಗಲವಾದ ಪಟ್ಟಿ ಎರಡು ಬೇಕು, ಒಂದು ಮುಂಗಾಲಿನ ಹಿಂದೆ ಎದೆಗೆ, ಇನ್ನೊಂದು ಕೆಚ್ಚಲಿನ ಮುಂದೆ ಹೊಟ್ಟೆಗೆ. ಅವರ ಹಳೆಯ ಕ್ಯಾನ್ವಾಸ್ ಹೋಸ್ ಪೈಪು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಕಣ್ಣಿಗೆ ಟವೆಲ್ ಕಟ್ಟಿದರೆ ಒದ್ದಾಟ ಕಡಿಮೆ. ನೀರಲ್ಲಿರುವ ದನಕ್ಕೆ ಮಂಪರಿನ ಸೂಜಿ ಹಾಕಿ ಅಂತ ಡಾಕ್ಟರಿಗೆ ದುಂಬಾಲು ಬೀಳಬೇಡಿ, ತಲೆ ವಾಲಿ ಮುಳುಗಿಹೋಗುತ್ತದೆ. ನಿಮ್ಮ ಡಾಕ್ಟರು ಸುಮ್ಮನೆ ನಿಂತದ್ದಕ್ಕೆ ಅದೂ ಕಾರಣ ಇದ್ದೀತು. ಆದರೆ ಕುತ್ತಿಗೆಯ ಹಗ್ಗ ನೋಡಿಯೂ "ನಿಲ್ಲಿಸ್ರಿ" ಅನ್ನದೆ ಇದ್ದದ್ದು ತಪ್ಪು.

ಮನುಷ್ಯರನ್ನು ಇಳಿಸುವ ಮೊದಲು ಉರಿಯುವ ಕಂದೀಲು ಇಳಿಸಿ ನೋಡಿ. ಆರಿದರೆ ಯಾರೂ ಇಳಿಯಕೂಡದು. ಉರಿದರೂ ಸೊಂಟಕ್ಕೆ ಹಗ್ಗ ಇಲ್ಲದೆ ಬೇಡ. 112ಕ್ಕೆ ಮೊದಲು ಫೋನು ಮಾಡಿ. ಪಶು ಆ್ಯಂಬುಲೆನ್ಸಿಗೆ 1962.

ಪ್ರಶ್ನೆ: ನಾಯಿಯ ಎದೆ ಒತ್ತಿ ಬದುಕಿಸಬಹುದು ಅಂತ ವಿಡಿಯೊ ನೋಡಿದೆ. ನಿಜವೇ, ತಮಾಷೆಯೇ?
— ವಿದ್ಯಾರ್ಥಿ, ಬೆಂಗಳೂರು

ಉತ್ತರ: ನಿಜ. ಇದಕ್ಕೆ ಅಂತಲೇ 2012ರಲ್ಲಿ ಬಂದ ರಿಕವರ್ ಮಾರ್ಗಸೂಚಿ ಇದೆ, 2024ರಲ್ಲಿ ಪರಿಷ್ಕರಿಸಿದ್ದಾರೆ. ಉಸಿರು, ಎಚ್ಚರ ಎರಡೂ ಇಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ನಮ್ಮ ಮುಧೋಳ ನಾಯಿಯಂಥ ಕಿರಿದಾದ, ಆಳದ ಎದೆಯದಕ್ಕೆ ನೇರ ಹೃದಯದ ಮೇಲೆ. ದುಂಡು ಎದೆಯ ದೊಡ್ಡ ನಾಯಿಗೆ ಪಕ್ಕೆಯ ಅತಿ ಅಗಲದ ಜಾಗದಲ್ಲಿ. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು, ತೋಳು ಸೋಲುತ್ತದೆ. ಬೀದಿನಾಯಿಯ ಮೂಗಿಗೆ ಬಾಯಿಟ್ಟು ಊದುವ ಸಾಹಸ ಬೇಡ. ವಿಡಿಯೊದಲ್ಲಿ ತೋರಿಸುವಷ್ಟು ಸಲ ಬದುಕುವುದಿಲ್ಲ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಮತ್ತೆ ದಯವಿಟ್ಟು, ಮಲಗಿ ನಿದ್ದೆ ಮಾಡುತ್ತಿರುವ ನಾಯಿಯ ಮೇಲೆ ಅಭ್ಯಾಸ ಮಾಡಬೇಡಿ. ದಿಂಬು ಸಾಕು.